ಹೆಣಿಗೆಯ ಮೊದಲ ಪಾಠ: ಸೀದಾ ಮತ್ತು ಉಲ್ಟಾ

ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ರೈತ ಕುಟುಂಬಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ. ಚಳಿ ಬೀಳುವುದೂ ಅದೇ ಕಾಲದಲ್ಲಿ. ಮಲೆನಾಡಿನಲ್ಲಾಗಲಿ, ಬಯಲುಸೀಮೆಯಲ್ಲಾಗಲಿ, ಬೆಳಗಿನ ಜಾವ ಹೊಲಕ್ಕೆ ಹೋಗುವವರಿಗೆ ಮತ್ತು ತೊಟ್ಟಿಲ ಮಕ್ಕಳಿಗೆ ಬೆಚ್ಚನೆಯ ಉಡುಪು ಬೇಕೇ ಬೇಕು. ಎರಡು ಕಡ್ಡಿ ಮತ್ತು ಒಂದು ಉಂಡೆ ನೂಲಿನಿಂದ ಟೋಪಿ, ಮಫ್ಲರ್, ಸ್ವೆಟರುಗಳನ್ನು ಮನೆಯಲ್ಲೇ ತಯಾರಿಸಬಹುದು. ಇದಕ್ಕೆ ವಿದ್ಯುತ್ತು ಬೇಡ, ಯಂತ್ರ ಬೇಡ, ಬೇರೆ ಕೋಣೆಯೂ ಬೇಡ. ಕೆಲಸವನ್ನು ಯಾವಾಗ ಬೇಕಾದರೂ ನಿಲ್ಲಿಸಿ ಮತ್ತೆ ಮುಂದುವರಿಸಬಹುದು.

ಆದರೂ ಹೆಣಿಗೆ ಕಲಿಯಲು ಹೊರಟ ಹಲವರು ನಡುವೆಯೇ ಕೈಬಿಡುತ್ತಾರೆ. ಕೈಚಳಕ ಸಾಲದು ಎಂಬುದು ಇದಕ್ಕೆ ಕಾರಣವಲ್ಲ. ಹೆಣಿಗೆ ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ತಿಳಿಯದೆ ಕೈಯ ಚಲನೆಯನ್ನು ಮಾತ್ರ ಅನುಕರಿಸಿದರೆ, ಒಂದು ತಪ್ಪು ಬಿದ್ದ ಕೂಡಲೇ ದಾರಿ ತೋಚದು. ತಿಳಿದು ಮಾಡಿದರೆ ತಪ್ಪನ್ನು ತಾವೇ ಗುರುತಿಸಿ ತಿದ್ದಿಕೊಳ್ಳಬಹುದು. ಆದುದರಿಂದ ಈ ಲೇಖನದಲ್ಲಿ ಮೂಲ ಹೆಣಿಗೆಗಳನ್ನು ಕಾರಣಸಹಿತವಾಗಿ ವಿವರಿಸಲಾಗಿದೆ.

ನೇಯ್ಗೆಗೂ ಹೆಣಿಗೆಗೂ ಇರುವ ವ್ಯತ್ಯಾಸ

ನಮ್ಮ ಕಂಬಳಿ ನೇಯ್ದ ಬಟ್ಟೆ. ಅದರಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು ಎಂದು ಎರಡು ಬಗೆಯ ಎಳೆಗಳಿವೆ. ಅವು ಒಂದರ ಮೇಲೊಂದು ನೇರವಾಗಿ ಹಾಯುವುದರಿಂದ ಕಂಬಳಿಯನ್ನು ಎಳೆದರೆ ಹೆಚ್ಚು ಹಿಗ್ಗುವುದಿಲ್ಲ. ಗೋಣಿಚೀಲವೂ ಇದೇ ಬಗೆಯದು.

ಹೆಣಿಗೆಯಲ್ಲಿ ಇರುವುದು ಒಂದೇ ನೂಲು. ಅದು ಸಾಲಾಗಿ ಕುಣಿಕೆಗಳಾಗಿ ಬಾಗಿ, ಪ್ರತಿ ಕುಣಿಕೆಯೂ ತನ್ನ ಕೆಳಗಿನ ಸಾಲಿನ ಕುಣಿಕೆಯೊಳಗಿಂದ ಹೊರಬಂದಿರುತ್ತದೆ. ಎಳೆದಾಗ ಕುಣಿಕೆಗಳು ಅಗಲವಾಗುತ್ತವೆ, ಬಿಟ್ಟಾಗ ಮತ್ತೆ ಮೊದಲಿನಂತಾಗುತ್ತವೆ. ಆದುದರಿಂದ ಹೆಣೆದ ಉಡುಪು ಮೈಗೆ ಹೊಂದಿಕೊಳ್ಳುತ್ತದೆ. ಕುಣಿಕೆಗಳ ನಡುವೆ ನಿಂತ ಗಾಳಿ ಮೈಯ ಶಾಖವನ್ನು ಹೊರಹೋಗದಂತೆ ತಡೆಯುತ್ತದೆ. ಆದರೆ ಒಂದು ಕುಣಿಕೆ ಆಸರೆ ತಪ್ಪಿದರೆ ಅದರ ಕೆಳಗಿನದೂ, ಅದರ ಕೆಳಗಿನದೂ ಏಣಿಯಂತೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಹೆಣಿಗೆಯ ಗುಣವೂ ದೋಷವೂ ಈ ಒಂದೇ ಕಾರಣದಿಂದ ಬಂದಿವೆ.

ಇದನ್ನು ನೋಡಲು ಬೇರೆಲ್ಲೂ ಹೋಗಬೇಕಾಗಿಲ್ಲ. ಮನೆಯಲ್ಲಿರುವ ಒಂದು ಸಾದಾ ಬನಿಯನ್ನನ್ನು ಬೆಳಕಿಗೆ ಹಿಡಿದು ನೋಡಿ. ಅದೂ ಯಂತ್ರದಲ್ಲಿ ಹೆಣೆದ ಬಟ್ಟೆಯೇ. ಹೊರಮೈಯಲ್ಲಿ ಜೋಳದ ತೆನೆಯ ಕಾಳುಗಳಂತೆ ಒಂದರ ಮೇಲೊಂದು ಸಾಲುಗಟ್ಟಿದ, ಹಕ್ಕಿ ರೆಕ್ಕೆ ಬಿಚ್ಚಿದ ಆಕಾರದ ಸಣ್ಣ ಗುರುತುಗಳು ಕಾಣುತ್ತವೆ. ಒಳಮೈಯಲ್ಲಿ ಅಡ್ಡಲಾದ ಸಣ್ಣ ಉಬ್ಬುಗಳು ಕಾಣುತ್ತವೆ. ಹೊರಮೈಯ ಗುರುತೇ ಸೀದಾ, ಒಳಮೈಯ ಉಬ್ಬೇ ಉಲ್ಟಾ. ಇಂಗ್ಲಿಷ್ ಮಾದರಿ ಪುಸ್ತಕಗಳಲ್ಲಿ ಇವನ್ನು ನಿಟ್ ಮತ್ತು ಪರ್ಲ್ ಎನ್ನುತ್ತಾರೆ. ಇವೆರಡೂ ಬೇರೆ ಬೇರೆ ಹೆಣಿಗೆಗಳಲ್ಲ. ಒಂದೇ ಕುಣಿಕೆಯ ಮುಂಭಾಗ ಮತ್ತು ಹಿಂಭಾಗ. ಈ ಒಂದು ಮಾತು ಮನದಟ್ಟಾದರೆ ಅರ್ಧ ಹೆಣಿಗೆ ಕಲಿತಂತೆಯೇ.

ಬೇಕಾಗುವ ಸಾಮಗ್ರಿ

ಕಡ್ಡಿಗಳು: ಒಂದು ಜೊತೆ ಸಾಕು. ನಮ್ಮ ಅಂಗಡಿಗಳಲ್ಲಿ ಕಡ್ಡಿಗಳನ್ನು ಸಾಮಾನ್ಯವಾಗಿ ನಂಬರಿನಿಂದ ಕೇಳುತ್ತಾರೆ. ನಂಬರು ಹೆಚ್ಚಾದಂತೆ ಕಡ್ಡಿ ತೆಳುವಾಗುತ್ತದೆ ಎಂಬುದನ್ನು ನೆನಪಿಡಬೇಕು. 8ನೇ ನಂಬರು 4 ಮಿ.ಮೀ., 10ನೇ ನಂಬರು 3.25 ಮಿ.ಮೀ., 12ನೇ ನಂಬರು 2.75 ಮಿ.ಮೀ. ದಪ್ಪವಿರುತ್ತದೆ. ಕಲಿಯುವವರಿಗೆ 8ನೇ ನಂಬರು ಅನುಕೂಲ. ಲೋಹದ ಕಡ್ಡಿಯಿಂದ ಕುಣಿಕೆ ಬೇಗ ಜಾರುತ್ತದೆ. ಬಿದಿರಿನ ಕಡ್ಡಿ ಕುಣಿಕೆಯನ್ನು ಹಿಡಿದುಕೊಳ್ಳುತ್ತದೆ. ಚೆನ್ನಾಗಿ ಒಣಗಿದ ಬಿದಿರಿನ ಸೀಳನ್ನು 30 ರಿಂದ 35 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ದುಂಡಗೆ ಹೆರೆದು, ಉಪ್ಪುಕಾಗದದಿಂದ ಉಜ್ಜಿ ಮನೆಯಲ್ಲೇ ಕಡ್ಡಿ ಮಾಡಿಕೊಳ್ಳಬಹುದು. ತಗಡಿನಲ್ಲಿ 4 ಮಿ.ಮೀ. ತೂತು ಕೊರೆದು ಅದರಲ್ಲಿ ಕಡ್ಡಿಯನ್ನು ಹಾಯಿಸಿ ನೋಡಿದರೆ ದಪ್ಪ ಎಲ್ಲೆಡೆ ಒಂದೇ ಆಗಿದೆಯೇ ಎಂಬುದು ತಿಳಿಯುತ್ತದೆ. ಒಂದು ತುದಿ ಚೂಪಾಗಿರಲಿ, ಆದರೆ ಬೆರಳಿಗೆ ಚುಚ್ಚುವಷ್ಟಲ್ಲ. ಇನ್ನೊಂದು ತುದಿಗೆ ಕುಣಿಕೆ ಜಾರದಂತೆ ಗುಂಡಿ ಅಥವಾ ರಬ್ಬರು ಸಿಕ್ಕಿಸಬೇಕು.

ನೂಲು: ಮೊದಲ ಕಲಿಕೆಗೆ ನುಣುಪಾದ, ಮಧ್ಯಮ ದಪ್ಪದ, ತಿಳಿ ಬಣ್ಣದ ನೂಲನ್ನು ಆರಿಸಿ. ಕಪ್ಪು ನೂಲಿನಲ್ಲಿ ಕುಣಿಕೆಗಳು ಸ್ಪಷ್ಟವಾಗಿ ಕಾಣುವುದಿಲ್ಲ. ನಮ್ಮ ದಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಅದು ಹೇಳಿಮಾಡಿಸಿದ್ದು. ಆದರೆ ಮಗುವಿನ ಮೈಗೆ ತಾಗುವ ಉಡುಪಿಗೆ ಅದು ಒಗ್ಗದು, ಚುಚ್ಚುತ್ತದೆ.

ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವುದೆಲ್ಲ ಉಣ್ಣೆಯಲ್ಲ. ಅಗ್ಗದ ನೂಲು ಬಹುಮಟ್ಟಿಗೆ ಅಕ್ರಿಲಿಕ್ ಎಂಬ ಕೃತಕ ಎಳೆಯದು. ಅದು ಹಗುರ, ಒಗೆಯಲು ಸುಲಭ, ಕುಗ್ಗುವುದಿಲ್ಲ, ನುಸಿ ಹಿಡಿಯುವುದಿಲ್ಲ. ಆದರೆ ಬೆಂಕಿ ತಗಲಿದರೆ ಕರಗಿ ಉರಿಯುತ್ತದೆ, ಕರಗಿದ್ದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಶುದ್ಧ ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳದು. ಉರಿಯಿಂದ ತೆಗೆದರೆ ಸಾಮಾನ್ಯವಾಗಿ ತಾನಾಗಿ ಆರುತ್ತದೆ. ಒಲೆಯ ಮುಂದೆ ಕೂತು ಮೈ ಕಾಯಿಸಿಕೊಳ್ಳುವ ಮಕ್ಕಳಿರುವ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಅಕ್ರಿಲಿಕ್ ಸ್ವೆಟರ್ ಹಾಕಿದ ಮಕ್ಕಳನ್ನು ಒಲೆಯ ಮತ್ತು ಬೆಂಕಿಯ ಹತ್ತಿರ ಬಿಡಲೇಬಾರದು.

ನೂಲನ್ನು ಪರೀಕ್ಷಿಸುವುದು ಸುಲಭ. ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆಯಿಟ್ಟು, ಮಕ್ಕಳನ್ನು ದೂರವಿರಿಸಿ ಬಯಲಿನಲ್ಲಿ ಕಿಡಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಪುಡಿಯಾಗುವ ಕರಿ ಉಳಿದರೆ ಉಣ್ಣೆ. ಕರಗುತ್ತಾ ಉರಿದು, ಆರಿದ ಮೇಲೆ ಗಟ್ಟಿಯಾದ ಕರಿಮಣಿಯಂತೆ ಉಳಿದರೆ ಅಕ್ರಿಲಿಕ್.

ಇವಲ್ಲದೆ ಅಳತೆ ಟೇಪು, ಕತ್ತರಿ, ಮೊಂಡು ತುದಿಯ ದೊಡ್ಡ ಸೂಜಿ ಮತ್ತು ಬಿದ್ದ ಕುಣಿಕೆ ಎತ್ತಲು ಒಂದು ಕ್ರೋಷಾ ಕಡ್ಡಿ ಇದ್ದರೆ ಸಾಕು.

ಕುಣಿಕೆ ಏರಿಸುವುದು

ನೂಲಿನ ತುದಿಯಿಂದ ಸುಮಾರು 15 ಸೆಂ.ಮೀ. ಬಿಟ್ಟು, ಎಳೆದರೆ ಬಿಗಿಯಾಗುವ ಒಂದು ಜೀರುಗುಣಿಕೆ ಹಾಕಿ ಎಡಗೈಯ ಕಡ್ಡಿಗೆ ತೊಡಿಸಬೇಕು. ಇದು ಮೊದಲ ಕುಣಿಕೆ. ಬಲಗೈಯ ಕಡ್ಡಿಯ ತುದಿಯನ್ನು ಈ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ. ಉಂಡೆಯ ಕಡೆಯ ನೂಲನ್ನು ಬಲಗಡ್ಡಿಯ ತುದಿಗೆ ಒಂದು ಸುತ್ತು ಹಾಕಿ, ಆ ಸುತ್ತನ್ನು ಕುಣಿಕೆಯೊಳಗಿಂದ ಮುಂದಕ್ಕೆ ಎಳೆಯಿರಿ. ಹೀಗೆ ಬಂದ ಹೊಸ ಕುಣಿಕೆಯನ್ನು ಎಡಗಡ್ಡಿಗೆ ಏರಿಸಿ. ಈಗ ಎರಡು ಕುಣಿಕೆಗಳಾದವು. ಇದೇ ರೀತಿ ಹೊಸದಾಗಿ ಬಂದ ಕುಣಿಕೆಯೊಳಗೆ ಕಡ್ಡಿ ತೂರಿಸುತ್ತಾ ಬೇಕಾದಷ್ಟು ಕುಣಿಕೆಗಳನ್ನು ಏರಿಸಬೇಕು. ಅಭ್ಯಾಸಕ್ಕೆ 20 ಕುಣಿಕೆ ಸಾಕು. ಕುಣಿಕೆಗಳು ಕಡ್ಡಿಯ ಮೇಲೆ ಸರಾಗವಾಗಿ ಜರುಗುವಷ್ಟು ಸಡಿಲವಾಗಿರಲಿ. ಬಿಗಿ ಹಿಡಿಯುವುದು ಹೊಸಬರ ಸಾಮಾನ್ಯ ಅಭ್ಯಾಸ. ಇದರಿಂದ ಮೊದಲ ಸಾಲಿನಲ್ಲೇ ಕಡ್ಡಿ ಒಳಗೆ ಹೋಗದೆ ಬೇಸರ ಬರುತ್ತದೆ.

ಸೀದಾ ಹೆಣಿಗೆ

ಕುಣಿಕೆಗಳಿರುವ ಕಡ್ಡಿ ಎಡಗೈಯಲ್ಲಿ, ಖಾಲಿ ಕಡ್ಡಿ ಬಲಗೈಯಲ್ಲಿ ಇರಲಿ. ನೂಲು ಕಡ್ಡಿಗಳ ಹಿಂದೆ ಇರಬೇಕು.

1. ಬಲಗಡ್ಡಿಯ ತುದಿಯನ್ನು ಮೊದಲ ಕುಣಿಕೆಯೊಳಗೆ ಎಡಬದಿಯಿಂದ, ಮುಂದಿನಿಂದ ಹಿಂದಕ್ಕೆ ತೂರಿಸಿ.
2. ನೂಲನ್ನು ಬಲಗಡ್ಡಿಯ ತುದಿಯ ಹಿಂದಿನಿಂದ ಎಡಕ್ಕೆ ತಂದು, ಎರಡು ಕಡ್ಡಿಗಳ ನಡುವಿನಿಂದ ಬಲಕ್ಕೆ ಇಳಿಸಿ.
3. ಆ ಸುತ್ತನ್ನು ಬಲಗಡ್ಡಿಯ ತುದಿಯಿಂದ ಕುಣಿಕೆಯೊಳಗಿಂದ ಮುಂದಕ್ಕೆ ಎಳೆದುಕೊಳ್ಳಿ.
4. ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಜಾರಿಸಿಬಿಡಿ.

ತೂರಿಸು, ಸುತ್ತು, ಎಳೆ, ಜಾರಿಸು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಮಾಡಿದರೆ ಬೇಗ ರೂಢಿಯಾಗುತ್ತದೆ. ಸಾಲು ಮುಗಿದಾಗ ಕುಣಿಕೆಗಳೆಲ್ಲ ಬಲಗಡ್ಡಿಗೆ ಬಂದಿರುತ್ತವೆ. ಆ ಕಡ್ಡಿಯನ್ನು ತಿರುಗಿಸಿ ಎಡಗೈಗೆ ತೆಗೆದುಕೊಂಡು ಮುಂದಿನ ಸಾಲು ಪ್ರಾರಂಭಿಸಬೇಕು.

ಉಲ್ಟಾ ಹೆಣಿಗೆ

ಇಲ್ಲಿ ನೂಲು ಕಡ್ಡಿಗಳ ಮುಂದೆ, ಅಂದರೆ ಹೆಣೆಯುವವರ ಕಡೆಗೆ ಇರಬೇಕು.

1. ಬಲಗಡ್ಡಿಯ ತುದಿಯನ್ನು ಕುಣಿಕೆಯೊಳಗೆ ಬಲದಿಂದ ಎಡಕ್ಕೆ ತೂರಿಸಿ. ತುದಿ ಎಡಗಡ್ಡಿಯ ಮುಂದೆ ಬರುತ್ತದೆ.
2. ಮುಂದಿರುವ ನೂಲನ್ನು ಬಲಗಡ್ಡಿಯ ತುದಿಯ ಮೇಲಿನಿಂದ ಎರಡು ಕಡ್ಡಿಗಳ ನಡುವೆ ಇಳಿಸಿ, ತುದಿಯ ಕೆಳಗಿನಿಂದ ಮತ್ತೆ ಮುಂದಕ್ಕೆ ತನ್ನಿ.
3. ಬಲಗಡ್ಡಿಯನ್ನು ಹಿಂದಕ್ಕೆ ತಳ್ಳಿ, ಆ ಸುತ್ತನ್ನು ಕುಣಿಕೆಯೊಳಗಿಂದ ಹಿಂದಕ್ಕೆ ತೆಗೆಯಿರಿ.
4. ಹಳೆಯ ಕುಣಿಕೆಯನ್ನು ಜಾರಿಸಿಬಿಡಿ.

ಸೀದಾದಲ್ಲಿ ಹೊಸ ಕುಣಿಕೆ ನಮ್ಮ ಕಡೆಗೆ ಬರುತ್ತದೆ. ಉಲ್ಟಾದಲ್ಲಿ ನಮ್ಮಿಂದ ಆಚೆಗೆ ಹೋಗುತ್ತದೆ. ವ್ಯತ್ಯಾಸ ಇಷ್ಟೇ. ಹಾಗಾಗಿ ಈ ಬದಿಯಿಂದ ಉಲ್ಟಾ ಹೆಣೆದದ್ದು ಆ ಬದಿಯಿಂದ ನೋಡಿದರೆ ಸೀದಾ ಆಗಿಯೇ ಕಾಣುತ್ತದೆ.

ಎರಡರಿಂದ ನಾಲ್ಕು ಬಗೆ

ಬದು ಹೆಣಿಗೆ: ಎಲ್ಲ ಸಾಲುಗಳನ್ನೂ ಸೀದಾ ಹೆಣೆಯುವುದು. ಪ್ರತಿ ಸಾಲಿಗೂ ಬಟ್ಟೆಯನ್ನು ತಿರುಗಿಸುವುದರಿಂದ ಎರಡು ಬದಿಗಳಲ್ಲೂ ಹೊಲದ ಬದುಗಳಂತೆ ಅಡ್ಡ ಉಬ್ಬುಗಳು ಏಳುತ್ತವೆ. ಎರಡು ಸಾಲಿಗೆ ಒಂದು ಬದು ಎಂದು ಎಣಿಸಬೇಕು. ಬಟ್ಟೆ ದಪ್ಪ, ಮೆತ್ತಗೆ, ಅಂಚು ಸುರುಳಿಯಾಗುವುದಿಲ್ಲ. ಮಫ್ಲರಿಗೆ ಇದು ಉತ್ತಮ.

ಬನಿಯನ್ ಹೆಣಿಗೆ: ಒಂದು ಸಾಲು ಸೀದಾ, ಮುಂದಿನ ಸಾಲು ಉಲ್ಟಾ. ಮುಂಭಾಗ ನುಣುಪಾಗಿ, ಹಿಂಭಾಗ ಉಬ್ಬಾಗಿ ಬರುತ್ತದೆ. ಸ್ವೆಟರಿನ ಮೈಗೆ ಸಾಮಾನ್ಯವಾಗಿ ಇದನ್ನೇ ಬಳಸುತ್ತಾರೆ. ಆದರೆ ಇದರ ಪಕ್ಕದ ಅಂಚುಗಳು ಹಿಂದಕ್ಕೂ, ಮೇಲು ಕೆಳಗಿನ ಅಂಚುಗಳು ಮುಂದಕ್ಕೂ ಸುರುಳಿ ಸುತ್ತುತ್ತವೆ. ಇದು ಹೆಣೆಯುವವರ ತಪ್ಪಲ್ಲ, ಹೆಣಿಗೆಯ ಸ್ವಭಾವ. ಆದುದರಿಂದಲೇ ಸ್ವೆಟರಿನ ಕೆಳಗೆ ಬೇರೆ ಬಗೆಯ ಪಟ್ಟಿ ಬೇಕಾಗುತ್ತದೆ.

ಪಟ್ಟಿ ಹೆಣಿಗೆ: ಒಂದೇ ಸಾಲಿನಲ್ಲಿ ಎರಡು ಸೀದಾ, ಎರಡು ಉಲ್ಟಾ ಎಂದು ಮುಂದುವರಿಸುವುದು. ಒಂದೊಂದರಂತೆಯೂ ಮಾಡಬಹುದು. ಉಲ್ಟಾ ಭಾಗ ಹಿಂದೆ ಸರಿದು ಸೀದಾ ಭಾಗ ಮುಂದೆ ಬರುವುದರಿಂದ, ಸಾಲು ಬಿಟ್ಟ ಹೊಲದಂತೆ ಉದ್ದುದ್ದ ಗೆರೆಗಳು ಏಳುತ್ತವೆ. ಬಟ್ಟೆ ಅಗಲಕ್ಕೆ ಚೆನ್ನಾಗಿ ಹಿಗ್ಗಿ ಮತ್ತೆ ಕುಗ್ಗುತ್ತದೆ. ಕೈಯ ತುದಿ, ಕುತ್ತಿಗೆ, ಸೊಂಟ, ಕಾಲುಚೀಲದ ಬಾಯಿ ಮತ್ತು ಟೋಪಿಯ ಅಂಚಿಗೆ ಇದೇ ತಕ್ಕದ್ದು. ಸೀದಾದಿಂದ ಉಲ್ಟಾಕ್ಕೆ ಹೋಗುವಾಗ ನೂಲನ್ನು ಎರಡು ಕಡ್ಡಿಗಳ ನಡುವಿನಿಂದ ಮುಂದಕ್ಕೆ ತರಬೇಕು. ಉಲ್ಟಾದಿಂದ ಸೀದಾಕ್ಕೆ ಹೋಗುವಾಗ ಹಾಗೆಯೇ ಹಿಂದಕ್ಕೆ ಒಯ್ಯಬೇಕು. ಕಡ್ಡಿಯ ಮೇಲಿನಿಂದ ತಂದರೆ ಬೇಡದ ಒಂದು ಕುಣಿಕೆ ಹೆಚ್ಚಾಗುತ್ತದೆ.

ಕಾಳು ಹೆಣಿಗೆ: ಬೆಸ ಸಂಖ್ಯೆಯ ಕುಣಿಕೆ ಏರಿಸಿ, ಪ್ರತಿ ಸಾಲನ್ನೂ ‘ಒಂದು ಸೀದಾ, ಒಂದು ಉಲ್ಟಾ’ ಎಂದು ಹೆಣೆದು ಸೀದಾದಲ್ಲಿ ಮುಗಿಸಬೇಕು. ಆಗ ಉಬ್ಬಿನ ಮೇಲೆ ಸೀದಾ, ಸೀದಾದ ಮೇಲೆ ಉಬ್ಬು ಬಂದು, ಕಾಳು ಹರಡಿದಂತೆ ಕಾಣುತ್ತದೆ. ಬಟ್ಟೆ ಸಪಾಟಾಗಿ ನಿಲ್ಲುತ್ತದೆ. ಗುಂಡಿಪಟ್ಟಿಗೂ ಕಾಲರಿಗೂ ಚೆನ್ನ.

ಯಾವ ಸಾಲಿನಲ್ಲಿದ್ದೇವೆ ಎಂಬುದು ಮರೆತುಹೋದರೆ ಚೀಟಿ ನೋಡಬೇಕಾಗಿಲ್ಲ, ಬಟ್ಟೆಯನ್ನೇ ಓದಬಹುದು. ಪಟ್ಟಿ ಹೆಣಿಗೆಯಲ್ಲಿ ಎಡಗಡ್ಡಿಯ ಕುಣಿಕೆಯ ಕೆಳಗೆ ಉಬ್ಬು ಕಂಡರೆ ಉಲ್ಟಾ, ರೆಕ್ಕೆಯ ಗುರುತು ಕಂಡರೆ ಸೀದಾ ಹೆಣೆಯಿರಿ. ಕಾಳು ಹೆಣಿಗೆಯಲ್ಲಿ ಇದಕ್ಕೆ ತದ್ವಿರುದ್ಧ. ಅಕ್ಷರ ಬಾರದವರಿಗೂ ಈ ಗುರುತು ಸಾಕು.

ಮುಚ್ಚುವುದು

ಹೆಣಿಗೆ ಮುಗಿದ ಮೇಲೆ ಕುಣಿಕೆಗಳನ್ನು ಹಾಗೆಯೇ ಬಿಟ್ಟರೆ ಬಿಚ್ಚಿಹೋಗುತ್ತವೆ. ಎರಡು ಕುಣಿಕೆಗಳನ್ನು ಸೀದಾ ಹೆಣೆದು, ಮೊದಲನೆಯದನ್ನು ಎಡಗಡ್ಡಿಯ ತುದಿಯಿಂದ ಎತ್ತಿ ಎರಡನೆಯದರ ಮೇಲೆ ಹಾಯಿಸಿ ಬಿಡಬೇಕು. ಬಲಗಡ್ಡಿಯಲ್ಲಿ ಒಂದು ಉಳಿಯುತ್ತದೆ. ಇನ್ನೊಂದು ಹೆಣೆದು ಮತ್ತೆ ಹಾಗೆಯೇ ಮಾಡಬೇಕು. ಕೊನೆಯ ಕುಣಿಕೆಯೊಳಗೆ ನೂಲನ್ನು ಕತ್ತರಿಸಿ ತೂರಿಸಿ ಎಳೆದರೆ ಭದ್ರವಾಗುತ್ತದೆ. ಮುಚ್ಚುವಾಗ ಕೈ ಸಡಿಲವಾಗಿರಲಿ. ಬಿಗಿಯಾದರೆ ಸ್ವೆಟರಿನ ಕುತ್ತಿಗೆಯಲ್ಲಿ ಮಗುವಿನ ತಲೆ ತೂರುವುದಿಲ್ಲ.

ಸಾಮಾನ್ಯ ತಪ್ಪುಗಳು, ಪರಿಹಾರ

ಕುಣಿಕೆಗಳ ಸಂಖ್ಯೆ ಹೆಚ್ಚುವುದು: ಬದು ಹೆಣಿಗೆಯಲ್ಲಿ ಸಾಲಿನ ಮೊದಲಲ್ಲಿ ನೂಲು ಕಡ್ಡಿಯ ಮೇಲೆ ಹಿಂದಕ್ಕೆ ಹೋಗಿದ್ದರೆ ಮೊದಲ ಕುಣಿಕೆ ಎರಡಾಗಿ ಕಾಣುತ್ತದೆ. ನೂಲನ್ನು ಕೆಳಕ್ಕೆ ಎಳೆದು, ಕಡ್ಡಿಗಳ ಕೆಳಗಿನಿಂದ ಹಿಂದಕ್ಕೆ ತಂದ ಮೇಲೆಯೇ ಹೆಣೆಯಿರಿ.

ಕುಣಿಕೆ ಬೀಳುವುದು: ಗಾಬರಿಯಿಂದ ಬಟ್ಟೆಯನ್ನು ಎಳೆಯಬಾರದು. ಬಿದ್ದ ಕುಣಿಕೆಗೆ ಕೂಡಲೇ ಪಿನ್ನು ಸಿಕ್ಕಿಸಿ. ಬನಿಯನ್ ಹೆಣಿಗೆಯಲ್ಲಿ ಸೀದಾ ಬದಿಯನ್ನು ಎದುರಿಗೆ ಹಿಡಿದು, ಕ್ರೋಷಾ ಕಡ್ಡಿಯನ್ನು ಬಿದ್ದ ಕುಣಿಕೆಯೊಳಗೆ ಮುಂದಿನಿಂದ ತೂರಿಸಿ, ಏಣಿಯ ಮೆಟ್ಟಿಲಿನಂತೆ ಕಾಣುವ ಅಡ್ಡ ಎಳೆಗಳನ್ನು ಕೆಳಗಿನಿಂದ ಒಂದೊಂದಾಗಿ ಕುಣಿಕೆಯೊಳಗಿಂದ ಎಳೆದು ಮೇಲಕ್ಕೆ ಬರಬೇಕು.

ನೂಲು ಸೀಳುವುದು: ಕಡ್ಡಿ ಕುಣಿಕೆಯ ನಡುವೆ ಹೋಗದೆ ಎಳೆಗಳ ನಡುವೆ ಹೋದರೆ ಒಂದು ಕುಣಿಕೆ ಎರಡಾದಂತೆ ತೋರುತ್ತದೆ. ಹಿಂದೆ ಬಂದು ಸರಿಪಡಿಸಿ.

ಸಾಲಿನ ನಡುವೆ ನಿಲ್ಲಿಸುವುದು: ಮತ್ತೆ ಕೈಗೆತ್ತಿಕೊಂಡಾಗ ತಿರುಗುಮುರುಗಾಗಿ, ಹೋದ ದಾರಿಯಲ್ಲೇ ಹಿಂದಿರುಗುವ ಸಂಭವವಿದೆ. ಸಾಲು ಮುಗಿಸಿಯೇ ಏಳಬೇಕು.

ಐದು ಸಾಲಿಗೊಮ್ಮೆ ಕುಣಿಕೆಗಳನ್ನು ಎಣಿಸುವ ಅಭ್ಯಾಸವಿದ್ದರೆ ಯಾವ ತಪ್ಪೂ ಬಹಳ ದೂರ ಹೋಗುವುದಿಲ್ಲ.

ಮಾದರಿ ತುಂಡು ಏಕೆ?

ಬಿತ್ತುವ ಮುನ್ನ ಬೀಜದ ಮೊಳಕೆ ಪರೀಕ್ಷಿಸುತ್ತೇವೆ. ಸ್ವೆಟರಿಗೆ ಮುನ್ನ ಮಾದರಿ ತುಂಡು ಹೆಣೆಯುವುದೂ ಅಷ್ಟೇ ಅಗತ್ಯ. ಒಬ್ಬೊಬ್ಬರ ಕೈ ಬಿಗಿ ಒಂದೊಂದು ತೆರ. ಬಳಸಲಿರುವ ನೂಲು, ಕಡ್ಡಿಗಳಿಂದಲೇ ಸುಮಾರು 15 ಸೆಂ.ಮೀ. ಚೌಕ ಹೆಣೆದು, ಒಗೆದು ಒಣಗಿಸಿ, ಎಳೆಯದೆ ಹರಡಿ ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಬೇಕು.

ಉದಾಹರಣೆಗೆ, ಮಗುವಿನ ಎದೆ ಸುತ್ತಳತೆ 56 ಸೆಂ.ಮೀ. ಇದ್ದು, ಸಡಿಲಕ್ಕೆ 6 ಸೆಂ.ಮೀ. ಸೇರಿಸಿದರೆ 62 ಸೆಂ.ಮೀ. ಆಗುತ್ತದೆ. ಮುಂಭಾಗದ ಅಗಲ 31 ಸೆಂ.ಮೀ. ಮಾದರಿಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಬಂದಿದ್ದರೆ ಸುಮಾರು 68 ಕುಣಿಕೆ ಬೇಕು. ಅಂಚಿನ ಹೊಲಿಗೆಗೆ 2 ಸೇರಿಸಿ 70 ಏರಿಸಬೇಕು. ಮಾದರಿ ತುಂಡು ಮಾಡದೆ ಇದೇ 70 ಕುಣಿಕೆಯನ್ನು ಬಿಗಿ ಕೈಯವರು ಏರಿಸಿ, ಅವರ ಲೆಕ್ಕ 10 ಸೆಂ.ಮೀ.ಗೆ 25 ಬಿದ್ದರೆ, ಸುತ್ತಳತೆ 54.4 ಸೆಂ.ಮೀ. ಮಾತ್ರ ಆಗಿ ಮಗುವಿನ ಎದೆಗಿಂತಲೂ ಚಿಕ್ಕದಾಗುತ್ತದೆ. ಸಡಿಲ ಕೈಯಲ್ಲಿ 20 ಬಿದ್ದರೆ 68 ಸೆಂ.ಮೀ. ಆಗುತ್ತದೆ. ಒಂದು ಸಂಜೆಯ ಕೆಲಸ ಉಳಿಸಲು ಹೋಗಿ ಒಂದು ತಿಂಗಳ ಕೆಲಸ ಮತ್ತು ನೂಲಿನ ಹಣ ಎರಡನ್ನೂ ಕಳೆದುಕೊಳ್ಳಬಾರದು. ಕುಣಿಕೆ ಹೆಚ್ಚು ಬಂದರೆ ದಪ್ಪ ಕಡ್ಡಿ, ಕಡಿಮೆ ಬಂದರೆ ತೆಳು ಕಡ್ಡಿ ಬಳಸಿ ಮತ್ತೆ ಪರೀಕ್ಷಿಸಿ.

ಮೊದಲ ಕೆಲಸ: ಒಂದು ವರ್ಷದ ಮಗುವಿನ ಟೋಪಿ

8ನೇ ನಂಬರು ಕಡ್ಡಿ ಮತ್ತು 10 ಸೆಂ.ಮೀ.ಗೆ 20 ಕುಣಿಕೆ ಬರುವ ನೂಲು ಬೇಕು. 82 ಕುಣಿಕೆ ಏರಿಸಿ.

ಮೊದಲ ಸಾಲು: 2 ಸೀದಾ, ನಂತರ 2 ಉಲ್ಟಾ, 2 ಸೀದಾ ಎಂದು ಕೊನೆಯವರೆಗೆ.
ಎರಡನೆಯ ಸಾಲು: 2 ಉಲ್ಟಾ, ನಂತರ 2 ಸೀದಾ, 2 ಉಲ್ಟಾ ಎಂದು ಕೊನೆಯವರೆಗೆ.

ಈ ಎರಡು ಸಾಲುಗಳನ್ನು 5 ಸೆಂ.ಮೀ. ಆಗುವವರೆಗೆ ಪುನರಾವರ್ತಿಸಿ. ಬಳಿಕ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಎಂದು ಬನಿಯನ್ ಹೆಣಿಗೆಯಲ್ಲಿ ಒಟ್ಟು ಎತ್ತರ 15 ಸೆಂ.ಮೀ. ಬರುವವರೆಗೆ ಮುಂದುವರಿಸಿ, ಉಲ್ಟಾ ಸಾಲಿನಲ್ಲಿ ನಿಲ್ಲಿಸಿ. ಮುಂದಿನ ಸಾಲಿನಲ್ಲಿ ಎರಡೆರಡು ಕುಣಿಕೆಗಳೊಳಗೆ ಒಟ್ಟಿಗೆ ಕಡ್ಡಿ ತೂರಿಸಿ ಒಂದಾಗಿ ಹೆಣೆಯುತ್ತಾ ಹೋದರೆ 41 ಉಳಿಯುತ್ತವೆ. ಒಂದು ಸಾಲು ಉಲ್ಟಾ ಹೆಣೆದು, ಮತ್ತೆ ಎರಡೆರಡನ್ನು ಕೂಡಿಸಿ ಕೊನೆಯದೊಂದನ್ನು ಸೀದಾ ಹೆಣೆದರೆ 21 ಉಳಿಯುತ್ತವೆ. ನೂಲನ್ನು 40 ಸೆಂ.ಮೀ. ಬಿಟ್ಟು ಕತ್ತರಿಸಿ, ಮೊಂಡು ಸೂಜಿಗೆ ಪೋಣಿಸಿ, ಎಲ್ಲ ಕುಣಿಕೆಗಳೊಳಗೆ ಹಾಯಿಸಿ ಬಿಗಿಯಾಗಿ ಎಳೆದು ಗಂಟು ಹಾಕಿ, ಅದೇ ನೂಲಿನಿಂದ ಪಕ್ಕವನ್ನು ಹೊಲಿಯಿರಿ. ಕುತ್ತಿಗೆಗೆ ಸುತ್ತಿಕೊಳ್ಳುವ ಉದ್ದನೆಯ ದಾರಗಳನ್ನು ಚಿಕ್ಕ ಮಕ್ಕಳ ಟೋಪಿಗೆ ಕಟ್ಟಬಾರದು.

ಉಣ್ಣೆಯ ಉಡುಪನ್ನು ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಉಡುಪು ಕುಗ್ಗಿ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ಸೌಮ್ಯ ಸಾಬೂನಿನಿಂದ ಮೆಲ್ಲಗೆ ಹಿಂಡಿ, ತಿರುಚದೆ, ನೆರಳಿನಲ್ಲಿ ಚಾಪೆಯ ಮೇಲೆ ಹರಡಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ

ಮಹಿಳಾ ಮಂಡಲ ಅಥವಾ ಸ್ವಸಹಾಯ ಸಂಘಗಳಲ್ಲಿ ಕಲಿಸುವಾಗ ಮೊದಲ ದಿನ ಏರಿಸುವುದು ಮತ್ತು ಸೀದಾ ಮಾತ್ರ ಸಾಕು. ಅದು ಕೈಗೆ ಕೂತ ಮೇಲೆ ಉಲ್ಟಾ, ಅನಂತರ ಪಟ್ಟಿ, ಕೊನೆಗೆ ಮುಚ್ಚುವುದು ಮತ್ತು ಅಳತೆಯ ಲೆಕ್ಕ. ಬಿದ್ದ ಕುಣಿಕೆಯನ್ನು ಎತ್ತುವುದನ್ನು ಬೇಕೆಂದೇ ಬೀಳಿಸಿ ಕಲಿಸಬೇಕು; ಆಗ ಹೆದರಿಕೆ ಹೋಗುತ್ತದೆ. ಕಲಿಯುವವರ ಪಕ್ಕದಲ್ಲಿ ಕೂತು ತೋರಿಸಿ. ಎಡಗೈ ರೂಢಿಯವರಿಗೆ ಎದುರಿಗೆ ಕೂತು ತೋರಿಸಿದರೆ ಕನ್ನಡಿಯಲ್ಲಿ ಕಂಡಂತೆ ಕಲಿಯುತ್ತಾರೆ.

ಇದು ಹೆಂಗಸರ ಕೆಲಸ ಮಾತ್ರವೆಂದು ತಿಳಿಯಬೇಕಾಗಿಲ್ಲ. ಪೆರು ದೇಶದ ಟಿಟಿಕಾಕಾ ಸರೋವರದ ಟಾಕಿಲೆ ದ್ವೀಪದಲ್ಲಿ ಟೋಪಿ ಹೆಣೆಯುವವರು ಗಂಡಸರೇ. ಅಲ್ಲಿನ ಈ ಕಲೆಯನ್ನು ಯುನೆಸ್ಕೋ 2005ರಲ್ಲಿ ಮಾನವಕುಲದ ಪರಂಪರೆಯೆಂದು ಸಾರಿತು.

ಮಾರಾಟಕ್ಕೆ ಹೆಣೆಯುವ ಯೋಚನೆಯಿರುವವರು ಮೊದಲು ಮನೆಯವರಿಗಾಗಿ ನಾಲ್ಕಾರು ಉಡುಪು ಹೆಣೆದು, ಒಂದಕ್ಕೆ ಎಷ್ಟು ನೂಲು, ಎಷ್ಟು ಗಂಟೆ ಹಿಡಿಯಿತು ಎಂದು ಬರೆದಿಡಬೇಕು. ಸಾದಾ ಸ್ವೆಟರಿನಲ್ಲಿ ಯಂತ್ರದ ಮಾಲಿನ ಬೆಲೆಗೆ ಕೈಕೆಲಸ ಸರಿಗಟ್ಟುವುದು ಕಷ್ಟ. ಗಂಟೆಯ ಲೆಕ್ಕವಿಲ್ಲದೆ ಬೆಲೆ ಕಟ್ಟಿದರೆ ನೂಲಿನ ಹಣ ಬಂದರೂ ದುಡಿಮೆಯ ಹಣ ಬಾರದು. ಮನೆಯ ಬಳಕೆಗಾದರೆ ಈ ಚಿಂತೆಯಿಲ್ಲ. ಅಳತೆಗೆ ಸರಿಯಾಗಿ ಹೆಣೆದ ಟೋಪಿಯೊಂದು ಚಿಕ್ಕದಾದ ಮೇಲೆ ತಮ್ಮನಿಗೋ ತಂಗಿಗೋ ಬರುತ್ತದೆ. ಅದೂ ಮುಗಿದ ಮೇಲೆ ಬಿಚ್ಚಿ, ಲಡಿ ಸುತ್ತಿ, ತೋಯಿಸಿ ಒಣಗಿಸಿದರೆ ಅದೇ ನೂಲು ಮತ್ತೊಂದು ಉಡುಪಿಗೆ ಸಿದ್ಧ.